ಗುಳಿಗೆ ನಮಗೆ, ಪರೀಕ್ಷೆ ಬೇರೆಯವರ ಮೇಲೆ

ನಿವೃತ್ತಿಯಾಗಿ ವರ್ಷ ತುಂಬುವುದರೊಳಗೆ, 2019ರಲ್ಲಿ, ನನಗೆ ಖಿನ್ನತೆ ಬಂತು. ಬಂತು ಎನ್ನುವುದಕ್ಕಿಂತ, ಬಂದಿದೆಯೆಂದು ಬಹಳ ತಡವಾಗಿ ತಿಳಿಯಿತು ಎನ್ನುವುದು ಸರಿ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುತ್ತಿತ್ತು. ದಶಕಗಳಿಂದ ಕಾಫಿಯ ಜೊತೆಗೆ ಓದುತ್ತಿದ್ದ ಪತ್ರಿಕೆ ಮಡಿಕೆ ಬಿಚ್ಚದೆ ರಾಶಿ ಬೀಳುತ್ತಿತ್ತು. ಥೈರಾಯ್ಡ್, ಸಕ್ಕರೆ, ಬಿ-12 ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ ನಮ್ಮ ವೈದ್ಯರು ಮನೋವೈದ್ಯರೊಬ್ಬರ ಹೆಸರು ಬರೆದುಕೊಟ್ಟರು.

ಆ ಆಸ್ಪತ್ರೆಯಲ್ಲಿ ಚಿಕಿತ್ಸೆ ಆರಂಭವಾದ ದಿನವೇ ಸಂಶೋಧಕಿಯೊಬ್ಬರು ಎಂಟು ಪುಟಗಳ ಒಪ್ಪಿಗೆ ಪತ್ರ ಹಿಡಿದು ನನ್ನ ಬಳಿ ಬಂದರು. ಔಷಧವೊಂದನ್ನೇ ಪಡೆಯುವವರು, ಔಷಧದ ಜೊತೆಗೆ ವಾರಕ್ಕೊಮ್ಮೆ ಆಪ್ತಸಮಾಲೋಚನೆಯನ್ನೂ ಪಡೆಯುವವರು, ಇವರಲ್ಲಿ ಯಾರು ಬೇಗ ಚೇತರಿಸಿಕೊಳ್ಳುತ್ತಾರೆಂಬ ಅಧ್ಯಯನ ಅದು. ಯಾರು ಯಾವ ಗುಂಪಿಗೆ ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನಿಗೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಿರಲಿಲ್ಲ. ಆದರೂ ಸೇವಾವಧಿಯುದ್ದಕ್ಕೂ ಅರ್ಜಿದಾರರಿಗೆ ಹೇಳಿಕೊಂಡು ಬಂದ ಮಾತನ್ನೇ ಅವರಿಗೂ ಹೇಳಿದೆ: "ಪರಿಶೀಲಿಸಿ ತಿಳಿಸುತ್ತೇನೆ." ಮಗಳಿಗೆ ಸಂಬಂಧ ನೋಡುತ್ತಿದ್ದ ಕಾಲ. ನನ್ನ ಹೆಸರು ಇನ್ನೊಂದು ಕಡತದಲ್ಲಿ ಇರುವುದು ನನಗೆ ಬೇಕಿರಲಿಲ್ಲ. ಅದೇ ಬೆಂಚಿನಲ್ಲಿ ಚಿಂತಾಮಣಿ ಕಡೆಯ ರೈತರೊಬ್ಬರು ಕುಳಿತಿದ್ದರು. ಅವರು ಒಂದು ಪುಟವನ್ನೂ ಓದಿಸಿಕೊಳ್ಳದೆ ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದರು. ಓದಬಲ್ಲವನು ಹಿಂದೆ ಸರಿದ, ಓದಲಾರದವರು ಒಪ್ಪಿದರು. ಈ ಚಿತ್ರ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ನಾನು ನುಂಗುತ್ತಿದ್ದ ಗುಳಿಗೆಯ ಹಿಂದೆ ಎಷ್ಟು ಜನರಿದ್ದರು? ಖಿನ್ನತೆಯ 21 ಔಷಧಗಳ ಕುರಿತ 522 ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2018ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಅವುಗಳಲ್ಲಿ ಭಾಗವಹಿಸಿದ್ದವರು 1,16,477 ಮಂದಿ. ಅನೇಕರಿಗೆ ಸಿಕ್ಕಿದ್ದು ಔಷಧವಲ್ಲ, ಅದರಂತೆಯೇ ಕಾಣುವ ಹುಸಿ ಗುಳಿಗೆ. ಆ 21 ಔಷಧಗಳೂ ಹುಸಿ ಗುಳಿಗೆಗಿಂತ ಮೇಲು, ಆದರೆ ಅಂತರ ಬಹಳ ದೊಡ್ಡದಲ್ಲ ಎಂದು ಇಂದು ಖಚಿತವಾಗಿ ಹೇಳಲು ಸಾಧ್ಯವಾಗಿರುವುದು ಇವರಿಂದಲೇ. ಇಂಥ ಜ್ಞಾನವನ್ನು ಅರ್ಥಶಾಸ್ತ್ರ ಸಾರ್ವಜನಿಕ ಸರಕು ಎಂದು ಕರೆಯುತ್ತದೆ. ಅದರ ವೆಚ್ಚ ಕೆಲವರದು, ಫಲ ಎಲ್ಲರದು. ವೆಚ್ಚದಲ್ಲಿ ಪಾಲುಗೊಳ್ಳದೆ ಫಲ ಉಣ್ಣುವವರು ಬಿಟ್ಟಿ ಸವಾರರು. ನಾನು ಅಂಥ ಒಬ್ಬ ಸವಾರನಾಗಿದ್ದೆ.

ನಮ್ಮ ದೇಶದ ಉದಾಹರಣೆಯನ್ನೇ ನೋಡಿ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಂ ಪಟೇಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ತೀವ್ರ ಖಿನ್ನತೆಯಿದ್ದ 495 ಮಂದಿ ಅದಕ್ಕೆ ಒಪ್ಪಿದ್ದರು. ಅವರಲ್ಲಿ ಅರ್ಧದಷ್ಟು ಮಂದಿಗೆ ಮನೋವಿಜ್ಞಾನದ ಪದವಿಯಿಲ್ಲದ, ಆದರೆ ತರಬೇತಿ ಪಡೆದಿದ್ದ ಸಾಮಾನ್ಯ ಕಾರ್ಯಕರ್ತರು ಕೆಲವು ವಾರ ಆಪ್ತಸಮಾಲೋಚನೆ ನೀಡಿದರು. ಮೂರು ತಿಂಗಳ ನಂತರ ಆ ಗುಂಪಿನಲ್ಲಿ ಶೇ 64ರಷ್ಟು, ಇನ್ನೊಂದು ಗುಂಪಿನಲ್ಲಿ ಶೇ 39ರಷ್ಟು ಜನ ರೋಗಲಕ್ಷಣಗಳಿಂದ ಬಹುಮಟ್ಟಿಗೆ ಮುಕ್ತರಾಗಿದ್ದರು. ಮನೋವೈದ್ಯರ ಕೊರತೆಯಿರುವ ದೇಶಕ್ಕೆ ಇದು ಸಣ್ಣ ಸಂಗತಿಯಲ್ಲ. ಆದರೆ ಇದು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಹೋಗುವವರಿಂದ ದೊರೆತ ಜ್ಞಾನ. ಅಲ್ಲಿಗೆ ಕಾಲಿಡದ ನಮ್ಮಂಥವರಿಗೆ ಇದು ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ? ನಾವು ಒಪ್ಪದೆ ಉತ್ತರ ಸಿಗದು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನಡೆದು 2000ದಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವನ್ನು ಯೋಗಾಸಕ್ತರು ಆಗಾಗ ಉಲ್ಲೇಖಿಸುತ್ತಾರೆ. ತೀವ್ರ ಖಿನ್ನತೆಯಿಂದ ದಾಖಲಾಗಿದ್ದವರಿಗೆ ವಿದ್ಯುತ್ ಚಿಕಿತ್ಸೆ, ಇಮಿಪ್ರಮಿನ್ ಗುಳಿಗೆ, ಸುದರ್ಶನ ಕ್ರಿಯೆ ಇವುಗಳಲ್ಲಿ ಒಂದೊಂದನ್ನು ನೀಡಿ ನಾಲ್ಕು ವಾರ ಗಮನಿಸಲಾಯಿತು. ಗುಣಮುಖರಾದವರು ಕ್ರಮವಾಗಿ ಶೇ 93, 73 ಮತ್ತು 67. ಉತ್ತೇಜನಕಾರಿಯೇ ಸರಿ. ಆದರೆ ಒಟ್ಟು ರೋಗಿಗಳು 45, ಗುಂಪಿಗೆ 15. ಅಂದರೆ ಗುಳಿಗೆಗೂ ಉಸಿರಾಟದ ಕ್ರಿಯೆಗೂ ಇರುವ ಅಂತರ ಒಬ್ಬನೇ ಒಬ್ಬ ರೋಗಿಯದು! ಸಂಶೋಧಕರನ್ನು ದೂರುವುದಕ್ಕೆ ಈ ಮಾತು ಹೇಳುತ್ತಿಲ್ಲ. ನಾನೂ ಸೇರಿದಂತೆ 'ಪರಿಶೀಲಿಸಿ ತಿಳಿಸುವವರು' ಎಷ್ಟು ಮಂದಿಯೋ, ಅಧ್ಯಯನದ ಬಲ ಅಷ್ಟು ಕಡಿಮೆ. ಯೋಗ ನಮ್ಮ ಹೆಮ್ಮೆಯೆನ್ನುವವರು ಆ ಹೆಮ್ಮೆಯ ಪರೀಕ್ಷೆಗೂ ಮುಂದೆ ಬರಬೇಕಲ್ಲವೇ?

ಸಂಶೋಧನೆಗೆ ಒಳಗಾಗಲು ಹೆದರುವುದು ಅವಿವೇಕ ಎಂದು ನಾನು ಹೇಳಲಾರೆ. ಔಷಧ ಪ್ರಯೋಗಗಳಲ್ಲಿ ಬಡವರನ್ನು ಬಳಸಿಕೊಂಡ ಪ್ರಕರಣಗಳು ನಮ್ಮಲ್ಲಿ ನಡೆದಿವೆ. ಸ್ವಾಸ್ಥ್ಯ ಅಧಿಕಾರ್ ಮಂಚ್ ಹೂಡಿದ ಅರ್ಜಿಯ ವಿಚಾರಣೆಯಲ್ಲಿ ಸುಪ್ರೀಂ ಕೋರ್ಟ್ 2013ರಲ್ಲಿ ಕಠಿಣ ನಿಲುವು ತಳೆದ ಮೇಲೆ ನಿಯಮಗಳು ಬಿಗಿಯಾದವು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಪ್ರಯೋಗದಿಂದ ಹಾನಿಯಾದರೆ ಚಿಕಿತ್ಸೆಯನ್ನೂ ಪರಿಹಾರವನ್ನೂ ಕೊಡಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸಂಶೋಧನೆಗೆ ಮುಕ್ತ, ತಿಳಿವಳಿಕೆಯ ಒಪ್ಪಿಗೆಯನ್ನು ಕಡ್ಡಾಯಗೊಳಿಸಿ, ಯಾವಾಗ ಬೇಕಾದರೂ ಹಿಂದೆ ಸರಿಯುವ ಹಕ್ಕನ್ನು ಕೊಟ್ಟಿದೆ. ಕಾಗದದ ಮೇಲಿನ ನಿಯಮಕ್ಕೂ ಹೆಬ್ಬೆಟ್ಟಿಗೂ ನಡುವಿನ ದೂರವನ್ನು ಮಾಜಿ ಅಧಿಕಾರಿಯಾದ ನನಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಆ ದೂರ ತಗ್ಗಬೇಕಾದರೆ ಪ್ರಶ್ನೆ ಕೇಳಬಲ್ಲವರು ಬೆಂಚಿನಲ್ಲಿ ಕುಳಿತಿರಬೇಕು.

ನನ್ನನ್ನು ಹೆಚ್ಚು ಕೆರಳಿಸುವುದು ಬೇರೊಂದು ವಿಷಯ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿಯಾಗಿದ್ದ ಖಿನ್ನತೆ ಔಷಧಗಳ 74 ಅಧ್ಯಯನಗಳು ಏನಾದವೆಂದು ಸಂಶೋಧಕರು 2008ರಲ್ಲಿ ಪರಿಶೀಲಿಸಿದರು. ಔಷಧಕ್ಕೆ ಅನುಕೂಲವಾಗಿದ್ದ 38ರಲ್ಲಿ 37 ಪ್ರಕಟವಾಗಿದ್ದವು. ಅನುಕೂಲವಲ್ಲದ 36ರಲ್ಲಿ 22 ಬೆಳಕನ್ನೇ ಕಂಡಿರಲಿಲ್ಲ; 11 ಅನುಕೂಲಕರವೆಂಬ ಬಣ್ಣ ಹಚ್ಚಿಕೊಂಡು ಹೊರಬಂದಿದ್ದವು. ನೊಂದ ಮನಸ್ಸುಗಳು ನಂಬಿ ಕೊಟ್ಟ ಉತ್ತರಗಳು ಬೀರುವಿನಲ್ಲಿ ಕೊಳೆತವು. ಎಷ್ಟೋ ಸಮಿತಿಗಳ ವರದಿಗಳು ಧೂಳು ತಿನ್ನುವುದನ್ನು ಕಂಡವನು ನಾನು, ಆದರೆ ಇದು ಅದಕ್ಕಿಂತ ಕೆಟ್ಟದ್ದು. ನಮ್ಮಲ್ಲಿ 2007ರಿಂದ ಕ್ಲಿನಿಕಲ್ ಟ್ರಯಲ್‌ಗಳ ಸಾರ್ವಜನಿಕ ನೋಂದಣಿ ವ್ಯವಸ್ಥೆಯಿದೆ. 2009ರಿಂದ ಔಷಧ ಪ್ರಯೋಗಗಳ ನೋಂದಣಿ ಕಡ್ಡಾಯ. ಸಹಿ ಹಾಕುವ ಮುನ್ನ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಬೇಕು. ಒಪ್ಪಿಗೆ ಪತ್ರವನ್ನು ಮನೆಗೆ ಕೊಂಡೊಯ್ದು ಓದುತ್ತೇನೆ ಎನ್ನಲೂ ಸಂಕೋಚ ಬೇಡ. ಕಾಯಿಲೆ ಉಲ್ಬಣಿಸಿರುವಾಗ ಆತುರದ ನಿರ್ಧಾರ ಸಲ್ಲದು.

ಭಾಷೆಯ ಬಗ್ಗೆಯೂ ಒಂದು ಮಾತು. ನನಗೆ ಕೊಟ್ಟ ಕನ್ನಡ ಪತ್ರದಲ್ಲಿ 'ಯಾದೃಚ್ಛಿಕ ಹಂಚಿಕೆ' ಎಂದಿತ್ತು. ಸರ್ಕಾರಿ ಸುತ್ತೋಲೆಗಳ ಕನ್ನಡ ಬರೆದ ಕೈ ನನ್ನದು, ನಗುವ ಹಕ್ಕು ನನಗಿಲ್ಲ. ಆದರೆ 'ಖಿನ್ನತೆಯಿದೆಯೇ' ಎಂದರೆ ನಮ್ಮ ಹಳ್ಳಿಯ ಹೆಂಗಸರು ಇಲ್ಲವೆನ್ನುತ್ತಾರೆ. ಎದೆ ಭಾರ, ಊಟ ಸೇರುವುದಿಲ್ಲ, ಯಾವುದೂ ಬೇಡವೆನಿಸುತ್ತದೆ ಎಂಬುದು ಅವರ ಮಾತು.

2023ರಲ್ಲಿ ಖಿನ್ನತೆ ಮರಳಿತು. ಈ ಸಲ ಬೇರೆ ಆಸ್ಪತ್ರೆ, ಬೇರೆ ಅಧ್ಯಯನ. ನಾನೇ ವಿಚಾರಿಸಿ ಸೇರಿದೆ. ಔಷಧದ ಗುಂಪಿನವರಿಗಿಂತ ಹೆಚ್ಚಿನದೇನೂ ಸಿಗದ ಗುಂಪಿಗೆ ನನ್ನ ಚೀಟಿ ಬಿತ್ತು. ತಿಳಿದವನಿಗೂ ನಿರಾಸೆ ತಪ್ಪಲಿಲ್ಲ. ಆಟೊ ಖರ್ಚಿನ ಹಣಕ್ಕೆ ಸಹಿ ಹಾಕುವಾಗ ಟಿ.ಎ. ಬಿಲ್ಲುಗಳ ನೆನಪಾಗಿ ನಗು ಬಂತು. ಬಹಳ ದಿನಗಳ ಮೇಲೆ ಬಂದ ನಗು.

ತಿಂಗಳಿಗೊಮ್ಮೆ ಪ್ರಶ್ನಾವಳಿ. ಬದುಕಿರುವುದಕ್ಕಿಂತ ಸಾಯುವುದೇ ಮೇಲೆಂದು ಅನಿಸಿತ್ತೇ ಎಂಬುದು ಅದರಲ್ಲೊಂದು ಪ್ರಶ್ನೆ. ಮೊದಲ ತಿಂಗಳು ಪತ್ನಿ ಪಕ್ಕದಲ್ಲಿದ್ದಳು, ಇಲ್ಲ ಎಂದೆ. ಎರಡನೆಯ ತಿಂಗಳು ಅವಳನ್ನು ಹೊರಗೆ ಕೂರಲು ಹೇಳಿ, ನಿಜ ಹೇಳಿದೆ. ಉತ್ತರವನ್ನು ಗುರುತು ಹಾಕಿಕೊಂಡ ಆ ಹುಡುಗಿ ಪುಟ ತಿರುಗಿಸಲಿಲ್ಲ. "ಸ್ವಲ್ಪ ಇರಿ ಸರ್" ಎಂದು ಎದ್ದು ಹೋಗಿ ವೈದ್ಯರನ್ನೇ ಕರೆತಂದಳು. ಅಧ್ಯಯನದ ನಿಯಮವೇ ಹಾಗಿತ್ತಂತೆ. ಅಂದು ಔಷಧ ಬದಲಾಯಿತು; ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಟ್ಟರು; ಮನೆಗೆ ಬಂದ ಮೇಲೆ ಪತ್ನಿಗೂ ಎಲ್ಲವನ್ನೂ ಹೇಳಿದೆ. ಮೂವತ್ತೈದು ವರ್ಷಗಳ ದಾಂಪತ್ಯದಲ್ಲಿ ಅಂಥ ಮಾತು ನಮ್ಮ ನಡುವೆ ಅದೇ ಮೊದಲು.

ಕೊನೆಯ ಭೇಟಿಯ ದಿನ ಫಲಿತಾಂಶ ನಮಗೂ ತಿಳಿಸುತ್ತೀರಾ ಎಂದು ಕೇಳಿದೆ. ಪ್ರಕಟವಾದ ಮೇಲೆ ತಿಳಿಸುತ್ತೇವೆ ಎಂದರು. ಏನು ಬಂದರೂ, ನಾನಿದ್ದ ಗುಂಪೇ ಗೆದ್ದರೂ ಸೋತರೂ, ಕನ್ನಡದಲ್ಲಿ ಒಂದು ಪ್ರತಿ ಬೇಕೆಂದು ಪತ್ರದ ಅಂಚಿನಲ್ಲಿ ಬರೆದು, ವಿಳಾಸದ ಕೆಳಗೆ ಸಹಿ ಹಾಕಿ ಬಂದಿದ್ದೇನೆ.