ಓಣಿಯ ಭಯ, ಓಣಿಯ ಮಕ್ಕಳು

2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ನಡೆದ ಘಟನೆಯನ್ನು ನಾಡು ಮರೆತಿರಲಾರದು. ಆರನೆಯ ತರಗತಿ ಓದುತ್ತಿದ್ದ ಬಾಲಕನೊಬ್ಬ, ಆಟದ ನಡುವೆ ಹುಟ್ಟಿದ ಕ್ಷುಲ್ಲಕ ಜಗಳದಲ್ಲಿ, ತನಗಿಂತ ತುಸು ಹಿರಿಯನಾದ ಜೊತೆಗಾರನಿಗೆ ಚಾಕುವಿನಿಂದ ಇರಿದನೆಂಬ ಸುದ್ದಿ ಬಂದಿತು. ಇರಿತಕ್ಕೊಳಗಾದ ಬಾಲಕ ಉಳಿಯಲಿಲ್ಲ. ಎರಡೂ ಮನೆಗಳು ಒಂದೇ ಓಣಿಯ ಬದುಕಿಗೆ ಸೇರಿದವು. ಆ ಓಣಿಯ ಹೆಸರನ್ನಾಗಲಿ ಮಕ್ಕಳ ಹೆಸರನ್ನಾಗಲಿ ನಾವು ಇಲ್ಲಿ ಬರೆಯುವುದಿಲ್ಲ. ಏಕೆ ಎಂಬುದನ್ನು ಮುಂದೆ ಹೇಳುತ್ತೇವೆ.

ಆ ಘಟನೆಯ ಬಳಿಕ ಮಠಕ್ಕೆ ಬರುವ ಸದ್ಭಕ್ತರಲ್ಲಿ ಅನೇಕರು ಒಂದೇ ಬಗೆಯ ಮಾತನ್ನು ಆಡುತ್ತಾರೆ. ಸಂಜೆಯಾದರೆ ಮಕ್ಕಳನ್ನು ಹೊರಗೆ ಬಿಡಲು ಹೆದರಿಕೆ. ಕಟ್ಟೆಯ ಮೇಲೆ ನಾಲ್ಕು ಹುಡುಗರು ಕುಳಿತಿದ್ದರೆ ಹೆಣ್ಣುಮಕ್ಕಳು ಸುತ್ತು ಬಳಸಿ ಮನೆಗೆ ಹೋಗುತ್ತಾರೆ. ಕ್ಯಾಮೆರಾ ಹಾಕಿಸೋಣ, ಬಯಲಿಗೆ ಬೇಲಿ ಹಾಕಿಸೋಣ, ಹೊರಗಿನ ಹುಡುಗರನ್ನು ಓಣಿಯೊಳಗೆ ಬಿಡುವುದು ಬೇಡ ಎಂಬ ಸಲಹೆಗಳು ಒಂದರ ಹಿಂದೊಂದು ಬರುತ್ತವೆ. ಈ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಭಯ ಎಲ್ಲಿಂದ ಬಂದಿತು, ಅದರಲ್ಲಿ ಎಷ್ಟು ನಿಜ, ಎಷ್ಟು ಕಟ್ಟಿಕೊಂಡದ್ದು ಎಂಬುದನ್ನು ಬಿಡಿಸಿ ನೋಡದೆ ಪರಿಹಾರಕ್ಕೆ ಕೈಹಾಕಿದರೆ ಏಟು ಬೀಳುವುದು ಮಕ್ಕಳಿಗೇ.

ಹುಬ್ಬಳ್ಳಿಯ ಮನಸ್ಸಿನಲ್ಲಿ ಈ ಭಯ ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 2024ರ ಏಪ್ರಿಲ್‌ನಲ್ಲಿ ಕಾಲೇಜಿನ ಆವರಣದೊಳಗೇ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಒಂದು ತಿಂಗಳು ಕಳೆಯುವಷ್ಟರಲ್ಲಿ, ವೀರಾಪುರ ಓಣಿಯಲ್ಲಿ ಯುವತಿಯೊಬ್ಬಳನ್ನು ಮನೆಯಲ್ಲೇ ಕೊಲ್ಲಲಾಯಿತು. 2025ರ ಏಪ್ರಿಲ್‌ನಲ್ಲಿ ಐದು ವರ್ಷದ ಕೂಸಿನ ಹತ್ಯೆಯಾಗಿ, ಆರೋಪಿಯು ಪೊಲೀಸರ ಗುಂಡಿಗೆ ಬಲಿಯಾದನು. ಇದರ ಬೆನ್ನಿಗೇ ಮೇ ತಿಂಗಳ ಘಟನೆ. ಈಗ ಗಮನಿಸಬೇಕಾದ ಸಂಗತಿಯೆಂದರೆ, ಮೊದಲ ಮೂರೂ ಪ್ರಕರಣಗಳ ಆರೋಪಿಗಳು ವಯಸ್ಕರು. ಮಗುವೊಂದು ಆರೋಪಿಯ ಸ್ಥಾನದಲ್ಲಿ ನಿಂತದ್ದು ನಾಲ್ಕನೆಯದರಲ್ಲಿ ಮಾತ್ರ. ಆದರೂ ಜನರ ನೆನಪಿನಲ್ಲಿ ನಾಲ್ಕೂ ಒಂದೇ ದಾರದಲ್ಲಿ ಪೋಣಿಸಿಕೊಂಡು, 'ಈಗಿನ ಹುಡುಗರು ಕೆಟ್ಟರು' ಎಂಬ ಒಂದೇ ತೀರ್ಪಾಗಿ ಗಟ್ಟಿಗೊಂಡಿವೆ. ದೊಡ್ಡವರು ಮಾಡಿದ ಪಾತಕದ ಭಾರವನ್ನೂ ಹದಿಹರೆಯದವರ ಹೆಗಲಿಗೆ ಹೊರಿಸಿದ್ದೇವೆ.

ಇದಕ್ಕೆ ಮೊಬೈಲಿನ ಪಾತ್ರವೂ ದೊಡ್ಡದು. ಯಾವುದೋ ಊರಿನ, ಯಾವುದೋ ವರ್ಷದ ಸಿಸಿಟಿವಿ ದೃಶ್ಯ, ತಾರೀಖಿಲ್ಲದೆ, ಸ್ಥಳವಿಲ್ಲದೆ, 'ನಮ್ಮ ಏರಿಯಾದಲ್ಲಿ ನಡೆದದ್ದು, ಎಚ್ಚರ' ಎಂಬ ಒಕ್ಕಣೆಯೊಂದಿಗೆ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬರುತ್ತದೆ. ಒಂದೇ ದೃಶ್ಯವನ್ನು ಹತ್ತು ಗುಂಪುಗಳಲ್ಲಿ ನೋಡಿದವರಿಗೆ ಹತ್ತು ಘಟನೆ ನಡೆದಂತೆ ಭಾಸವಾಗುತ್ತದೆ. ನಮ್ಮ ಭಕ್ತರ ಗುಂಪುಗಳೂ ಇದಕ್ಕೆ ಹೊರತಲ್ಲ. ಬೆಳಗಿನ ವಚನಚಿಂತನೆಯ ಕೆಳಗೇ ಇಂಥ ದೃಶ್ಯ ಬಂದು ಕುಳಿತಿರುವುದನ್ನು ನಾವೇ ಕಂಡಿದ್ದೇವೆ.

ಲೆಕ್ಕ ಏನು ಹೇಳುತ್ತದೆ? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳ ಪ್ರಕಾರ ದೇಶದಲ್ಲಿ ಬಾಲಕರ ವಿರುದ್ಧ ದಾಖಲಾದ ಪ್ರಕರಣಗಳು 2016ರಲ್ಲಿ 35,849 ಇದ್ದವು. 2022ರಲ್ಲಿ 30,555ಕ್ಕೆ ಇಳಿದು, 2023ರಲ್ಲಿ 31,365ಕ್ಕೆ ತುಸು ಏರಿದವು. 2022ರಲ್ಲಿ ದೇಶದಾದ್ಯಂತ ದಾಖಲಾದ ಎಲ್ಲ ಅಪರಾಧಗಳ ಸಂಖ್ಯೆ 58 ಲಕ್ಷವನ್ನು ಮೀರಿತ್ತು. ಎಂದರೆ ಸುಮಾರು 190 ಪ್ರಕರಣಗಳಲ್ಲಿ ಒಂದು ಮಾತ್ರ ಬಾಲಕರದ್ದು. ಇನ್ನೊಂದು ಅಂಕಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2023ರಲ್ಲಿ ಮಕ್ಕಳ ಮೇಲೆ ನಡೆದ ಅಪರಾಧಗಳಾಗಿ ದಾಖಲಾದವು 1,77,335. ಮಕ್ಕಳು ಮಾಡಿದ್ದಾರೆನ್ನಲಾದ ಅಪರಾಧಗಳಿಗಿಂತ ಮಕ್ಕಳ ಮೇಲೆ ನಡೆದವು ಐದೂವರೆ ಪಟ್ಟಿಗೂ ಹೆಚ್ಚು. ಅದರಲ್ಲೂ ಮಕ್ಕಳ ಮೇಲಿನ ಅತ್ಯಾಚಾರದ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೀರಿ ಆರೋಪಿಗಳು ಪರಿಚಿತರೇ: ನೆರೆಯವರು, ಬಂಧುಗಳು, ಮನೆಗೆ ಬಂದುಹೋಗುವವರು. ಕಟ್ಟೆಯ ಮೇಲಿನ ಹುಡುಗರ ಮೇಲೆ ಕಣ್ಣಿಟ್ಟಿರುವ ನಾವು, ನಡುಮನೆಯಲ್ಲಿ ಕುಳಿತು ಚಹಾ ಕುಡಿಯುವವನ ಮೇಲೆ ಎಷ್ಟು ಕಣ್ಣಿಟ್ಟಿದ್ದೇವೆ?

ಅಂಕಿಗಳು ಸಮಾಧಾನಕ್ಕಾಗಿ ಅಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ 190ರಲ್ಲಿ ಒಂದು ಎಂಬ ಮಾತು ಯಾವ ಅರ್ಥವನ್ನೂ ಕೊಡದು. ಸಿಕ್ಕಿಬೀಳುವ ಬಾಲಕರಲ್ಲಿ ನೂರಕ್ಕೆ 79ರಷ್ಟು 16ರಿಂದ 18ರ ವಯಸ್ಸಿನವರು ಎಂಬುದೂ ಅದೇ ವರದಿಯಲ್ಲಿದೆ. ಶಾಲೆ ಬಿಟ್ಟು, ಕಾಯಕವೂ ಇಲ್ಲದೆ, ಯಾರ ಲೆಕ್ಕಕ್ಕೂ ಸಿಗದೆ ಹುಡುಗರು ಜಾರಿಹೋಗುವ ವಯಸ್ಸು ಅದು. ಗಾಂಜಾ ಮಾರುವವರಿಗೆ ಇದು ಚೆನ್ನಾಗಿ ಗೊತ್ತು. ಹುಬ್ಬಳ್ಳಿ-ಧಾರವಾಡ ಪೊಲೀಸರು ವ್ಯಸನಿಗಳನ್ನು ಕರೆಸಿ ಪರೀಕ್ಷೆಗೊಳಪಡಿಸುವ ಕಾರ್ಯಾಚರಣೆಗಳನ್ನು ನಡೆಸಿದ್ದಾರೆ, ಅದು ಬೇಕಾದದ್ದೇ. ಆದರೆ ಸೇದಿದವನನ್ನು ಸಾಲಿನಲ್ಲಿ ನಿಲ್ಲಿಸಿದಷ್ಟು ಸುಲಭವಲ್ಲ, ಮಾರಿದವನನ್ನು ಹಿಡಿಯುವುದು. ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕನ್ನು ಕೊಟ್ಟವನಿಗೆ ಏಳು ವರ್ಷಗಳವರೆಗೆ ಕಠಿಣ ಸಜೆ ವಿಧಿಸಲು ಬಾಲ ನ್ಯಾಯ ಕಾಯ್ದೆಯ 77ನೆಯ ಕಲಮಿನಲ್ಲಿ ಅವಕಾಶವಿದೆ. ಹುಡುಗರನ್ನು ಬೈಯುವ ಓಣಿಯ ಹಿರಿಯರು ಆ ಕಲಮನ್ನು ಹಿಡಿದು ಶಾಲೆಯ ಪಕ್ಕದ ಗೂಡಂಗಡಿಯವನ ಬಳಿ ಮಾತಾಡಿದ್ದು ಅಪರೂಪ.

ಕಾನೂನಿನ ವಿಷಯದಲ್ಲಿಯೂ ತಪ್ಪು ತಿಳಿವಳಿಕೆ ಬಹಳ. 'ಮಕ್ಕಳಿಗೆ ಶಿಕ್ಷೆಯೇ ಇಲ್ಲ, ಮರುದಿನವೇ ಬಿಟ್ಟುಬಿಡುತ್ತಾರೆ' ಎಂಬ ಮಾತು ಎಲ್ಲೆಡೆ ಕೇಳುತ್ತದೆ. 2012ರ ದೆಹಲಿಯ ಘೋರ ಪ್ರಕರಣದಲ್ಲಿ ಆರು ಆರೋಪಿಗಳ ಪೈಕಿ ಒಬ್ಬನಿಗೆ 18 ತುಂಬಿರಲಿಲ್ಲ. ಆಗ ಎದ್ದ ಆಕ್ರೋಶದ ಫಲವಾಗಿ 2015ರಲ್ಲಿ ಹೊಸ ಬಾಲ ನ್ಯಾಯ ಕಾಯ್ದೆ ಬಂದು, 2016ರ ಜನವರಿ 15ರಿಂದ ಜಾರಿಯಾಯಿತು. ಕನಿಷ್ಠ ಏಳು ವರ್ಷ ಶಿಕ್ಷೆಯಿರುವ ಹೀನ ಅಪರಾಧವನ್ನು 16 ತುಂಬಿದವನು ಮಾಡಿದ ಆರೋಪವಿದ್ದರೆ, ಬಾಲ ನ್ಯಾಯ ಮಂಡಳಿಯು ಅವನ ಮಾನಸಿಕ ಪ್ರಬುದ್ಧತೆಯನ್ನು ಅಳೆದು, ವಯಸ್ಕನಂತೆ ವಿಚಾರಣೆಗೆ ಕಳುಹಿಸಬಹುದು. 16ಕ್ಕಿಂತ ಕೆಳಗಿನವರಿಗೆ ಇದು ಅನ್ವಯಿಸದು. ಅವರನ್ನು ವಿಶೇಷ ಗೃಹದಲ್ಲಿ ಗರಿಷ್ಠ ಮೂರು ವರ್ಷ ಇರಿಸಿ ತಿದ್ದುವ ವ್ಯವಸ್ಥೆಯಿದೆ. ಆರನೆಯ ತರಗತಿಯ ಮಗುವನ್ನು ಗಲ್ಲಿಗೇರಿಸಿರಿ ಎಂದು ಬರೆದವರನ್ನೂ ನಾವು ಓದಿದ್ದೇವೆ. ಅಪ್ಪನ ಅಂಗಿಯ ತುದಿ ಹಿಡಿದು ಜಾತ್ರೆಗೆ ಬರುವ ವಯಸ್ಸು ಅದು.

ಇಲ್ಲಿ ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. 2024ರ ಮೇ 19ರಂದು ಪುಣೆಯಲ್ಲಿ ಹದಿನೇಳರ ಹುಡುಗನೊಬ್ಬ ಐಷಾರಾಮಿ ಕಾರು ಓಡಿಸಿ ಇಬ್ಬರು ಯುವ ಎಂಜಿನಿಯರುಗಳ ಸಾವಿಗೆ ಕಾರಣನಾದನೆಂಬ ಪ್ರಕರಣದಲ್ಲಿ, ಮುನ್ನೂರು ಪದಗಳ ಪ್ರಬಂಧ ಬರೆಯುವ ಷರತ್ತಿನ ಮೇಲೆ ಜಾಮೀನು ಸಿಕ್ಕಿತು. ರಕ್ತದ ಮಾದರಿಯನ್ನೇ ಬದಲಿಸಲಾಯಿತೆಂಬ ಆರೋಪವೂ ಬಂದಿತು. ಕಾನೂನಿನ ಕರುಣೆಯನ್ನು ನಾವು ಸಮರ್ಥಿಸುತ್ತೇವೆ, ಆದರೆ ಆ ಕರುಣೆ ಬಂಗಲೆಯ ಹುಡುಗನಿಗೆ ಒಂದು ತೂಕ, ಗುಡಿಸಲಿನ ಹುಡುಗನಿಗೆ ಇನ್ನೊಂದು ತೂಕವಾಗುವುದನ್ನು ಒಪ್ಪಲಾರೆವು. ನಮ್ಮ ಭಯವೂ ಹಾಗೆಯೇ ತೂಕ ಬದಲಿಸುತ್ತದೆ. ಹರಿದ ಚಪ್ಪಲಿಯ ಹುಡುಗ ಕಟ್ಟೆಯ ಮೇಲೆ ಕುಳಿತರೆ 'ಪುಂಡ'. ನಮ್ಮ ಮನೆಯ ಹುಡುಗ ಪರವಾನಗಿಯಿಲ್ಲದೆ ಬೈಕ್ ಏರಿ ವೀಲಿಂಗ್ ಮಾಡಿದರೆ 'ವಯಸ್ಸಿನ ಹುರುಪು'. ಮೋಟಾರು ವಾಹನ ಕಾಯ್ದೆಯ 199ಎ ಕಲಮಿನಂತೆ ಅಪ್ರಾಪ್ತನ ಕೈಗೆ ವಾಹನ ಕೊಟ್ಟ ಪಾಲಕರಿಗೆ ಮೂರು ವರ್ಷಗಳವರೆಗೆ ಸೆರೆವಾಸ, 25 ಸಾವಿರ ರೂಪಾಯಿ ದಂಡ, ವಾಹನದ ನೋಂದಣಿ ಒಂದು ವರ್ಷ ರದ್ದು. ಮಗನಿಗೆ 25 ತುಂಬುವವರೆಗೆ ಪರವಾನಗಿಯಿಲ್ಲ. ಓಣಿಯಲ್ಲಿ ಮುದುಕರು, ಮಕ್ಕಳು ಜೀವ ಹಿಡಿದುಕೊಂಡು ರಸ್ತೆ ದಾಟುವುದು ಹೆಚ್ಚಾಗಿ ಇಂಥ ಮನೆಗಳ ಬೈಕುಗಳಿಗೆ ಹೆದರಿಯೇ.

ಆತುರದ ತೀರ್ಪು ಏನು ಮಾಡಬಲ್ಲದೆಂಬುದಕ್ಕೆ 2017ರ ಗುರುಗ್ರಾಮ ಸಾಕ್ಷಿ. ಶಾಲೆಯೊಂದರಲ್ಲಿ ಏಳು ವರ್ಷದ ಬಾಲಕನ ಕೊಲೆಯಾದಾಗ ಮೊದಲು ಹಿಡಿದದ್ದು ಬಸ್ಸಿನ ನಿರ್ವಾಹಕನನ್ನು. ತಪ್ಪೊಪ್ಪಿಕೊಂಡನೆಂದೂ ಪ್ರಕಟಿಸಲಾಯಿತು, ದೇಶವೆಲ್ಲ ಅವನನ್ನು ಶಪಿಸಿತು. ಸಿಬಿಐ ತನಿಖೆಯ ಬಳಿಕ ಆ ಬಡವ ನಿರ್ದೋಷಿಯೆಂದು ತಿಳಿದು ಬಿಡುಗಡೆಯಾದನು. ಆರೋಪಿಯ ಸ್ಥಾನಕ್ಕೆ ಅದೇ ಶಾಲೆಯ ಹದಿನಾರರ ವಿದ್ಯಾರ್ಥಿ ಬಂದನು. ಜನ ಯಾರನ್ನು ನೋಡಿ ಹೆದರಲು ಸಿದ್ಧರಿದ್ದರೋ ಅವನ ಮೇಲೆಯೇ ಮೊದಲ ಬೆರಳು ನೆಟ್ಟಿತ್ತು.

ಈಗ ಹೆಸರಿನ ವಿಷಯಕ್ಕೆ ಬರೋಣ. ಬಾಲ ನ್ಯಾಯ ಕಾಯ್ದೆಯ 74ನೆಯ ಕಲಮು ಆರೋಪಕ್ಕೊಳಗಾದ ಮಗುವಿನ, ನೊಂದ ಮಗುವಿನ ಹೆಸರು, ವಿಳಾಸ, ಶಾಲೆ, ಭಾವಚಿತ್ರ ಯಾವುದನ್ನೂ ಪ್ರಕಟಿಸಕೂಡದೆನ್ನುತ್ತದೆ. ಮೀರಿದವರಿಗೆ ಆರು ತಿಂಗಳವರೆಗೆ ಸಜೆ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಬಾಲಕನ ಫೋಟೋಗೆ ಕೆಂಪು ವೃತ್ತ ಹಾಕಿ ಹಂಚಿದ ನಮ್ಮ ಬಂಧುಗಳು ಇದನ್ನು ತಿಳಿದಿರಲಿ. ಈ ನಿಯಮದ ಹಿಂದೆ ಸರಳವಾದ ಒಂದು ವಿವೇಕವಿದೆ. ಆ ಮಗು ಎಂದೋ ಒಂದು ದಿನ ಹೊರಗೆ ಬರುತ್ತದೆ. ಬಂದು ಎಲ್ಲಿಗೆ ಹೋಗಬೇಕು? ಯಾವ ಶಾಲೆ ಸೇರಿಸಿಕೊಳ್ಳಬೇಕು? ಯಾರು ಕೆಲಸ ಕೊಡಬೇಕು? ಎಲ್ಲ ಬಾಗಿಲು ಮುಚ್ಚಿದರೆ ತೆರೆದಿರುವುದು ಪುಂಡರ ಗುಂಪಿನ ಬಾಗಿಲೊಂದೇ.

ಕಲ್ಯಾಣದ ಶರಣಸಂಕುಲದಲ್ಲಿ ಕನ್ನದ ಮಾರಿತಂದೆಯೆಂಬ ಶರಣರಿದ್ದರು. ಗೋಡೆಗೆ ಕನ್ನ ಕೊರೆಯುವುದು ಅವರ ಹಿಂದಿನ ವೃತ್ತಿಯಾಗಿತ್ತೆಂದು ಐತಿಹ್ಯ ಹೇಳುತ್ತದೆ. ಶರಣರಾದ ಮೇಲೂ ಆ ಹೆಸರು ಉಳಿಯಿತು, ಆದರೆ ಹೀಯಾಳಿಕೆಯಾಗಿ ಅಲ್ಲ. ಅವರ ವಚನಗಳನ್ನು ನಾವು ಇತರ ಶರಣರ ವಚನಗಳ ಸಾಲಿನಲ್ಲಿಯೇ ಇಟ್ಟು ಓದುತ್ತೇವೆ. ಕಾಯ್ದೆಯು ಹೆಸರನ್ನು ಮರೆಮಾಡಿ ಮಗುವನ್ನು ಕಾಪಾಡಲು ನೋಡುತ್ತದೆ. ಅನುಭವ ಮಂಟಪವು ಹೆಸರು ಗೊತ್ತಿದ್ದೂ ಎದೆಗಪ್ಪಿಕೊಂಡಿತು. ನಮ್ಮ ಸಮಾಜಕ್ಕೆ ಎರಡನೆಯದು ಇಂದು ಸಾಧ್ಯವೇ ಎಂದು ಕೇಳಿದರೆ, ಪ್ರಾಮಾಣಿಕವಾಗಿ, ನಮಗೆ ಸಂದೇಹವಿದೆ. ಕನಿಷ್ಠ ಮೊದಲನೆಯದನ್ನಾದರೂ ಪಾಲಿಸಬಹುದು. ಮಾರಿತಂದೆಯವರ ಕನ್ನಕ್ಕೂ ಒಂದು ಜೀವದ ಹರಣಕ್ಕೂ ಹೋಲಿಕೆಯೇ ಎಂದು ಕೆಲವರು ಕೇಳಿಯಾರು. ಹೋಲಿಕೆ ಅಪರಾಧದ್ದಲ್ಲ, ಮರಳಿ ಬಂದವನನ್ನು ಸಮುದಾಯ ನಡೆಸಿಕೊಂಡ ರೀತಿಯದ್ದು. ಮಗನನ್ನು ಕಳೆದುಕೊಂಡ ಮನೆಯವರು ಕ್ಷಮಿಸಲೇಬೇಕೆಂದು ಬೋಧಿಸುವ ಹಕ್ಕು ಯಾರಿಗೂ ಇಲ್ಲ, ಮಠಕ್ಕೂ ಇಲ್ಲ. ಅವರ ಮನೆಗೆ ಹನ್ನೊಂದನೆಯ ದಿನದ ನಂತರವೂ ಹೋಗಿ ಕುಳಿತು ಬರುವುದಷ್ಟೇ ನೆರೆಯವರ ಕರ್ತವ್ಯ.

ಕಳೆದ ಶತಮಾನದಲ್ಲಿ ನಮ್ಮ ಮಠಗಳು ಉಚಿತ ಪ್ರಸಾದನಿಲಯಗಳನ್ನು ತೆರೆದಾಗ ಅಲ್ಲಿಗೆ ಬಂದವರು ಹಳ್ಳಿಯ ಬಡ ಹುಡುಗರು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆ ಅನ್ನ, ಅಕ್ಷರಗಳ ಜೊತೆಗೆ ಬೆಳಗಿನಿಂದ ರಾತ್ರಿಯವರೆಗೆ ಒಂದು ದಿನಚರಿಯನ್ನೂ ಕೊಟ್ಟವು. ಇಂದಿನ ನಗರದ ಹುಡುಗನಿಗೆ ಬೇಕಾದದ್ದು ಸಂಜೆ ನಾಲ್ಕರಿಂದ ಎಂಟರವರೆಗಿನ ದಿನಚರಿ. ತಂದೆತಾಯಿ ಇಬ್ಬರೂ ದುಡಿಯಲು ಹೋಗಿರುವ, ಶಾಲೆ ಮುಚ್ಚಿರುವ ಹೊತ್ತು ಅದು. ಅದೇ ಹೊತ್ತಿನಲ್ಲಿ ನಮ್ಮ ಸಮುದಾಯ ಭವನಗಳು ಮದುವೆಯಿಲ್ಲದ ದಿನ ಬೀಗ ಹಾಕಿಕೊಂಡು ನಿಂತಿರುತ್ತವೆ. ಬಯಲಿಗೆ ಬೇಲಿ ಹಾಕಿಸುವ ಹಣದಲ್ಲಿ ಅಲ್ಲೊಂದು ದೀಪದ ಕಂಬ ನಿಲ್ಲಿಸಬಹುದು. ಕ್ಯಾಮೆರಾ ಬೇಡವೆನ್ನುವುದಿಲ್ಲ, ಅದು ನಡೆದದ್ದನ್ನು ತೋರಿಸುತ್ತದೆ, ನಡೆಯುವುದನ್ನು ತಡೆಯುವುದು ಎಷ್ಟೋ ಸಲ ಕತ್ತಲಿಲ್ಲದ ಬೀದಿ ಮತ್ತು ಬಾಗಿಲಲ್ಲಿ ಕುಳಿತ ಅಜ್ಜಿ. ಮಕ್ಕಳನ್ನು ಕೂಡಿಸುವ ಕಡೆಯಲ್ಲೆಲ್ಲ, ಮಠದ ಆವರಣವಾದರೂ ಸರಿ, ಅವರ ದೂರನ್ನು ಕೇಳಲು ಆಡಳಿತದ ಹೊರಗಿನ ಒಬ್ಬರು ಇರಬೇಕು. ಇದನ್ನು ಸಂಕೋಚವಿಲ್ಲದೆ ಹೇಳುತ್ತೇವೆ.

ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಲ್ಲಿ 82 ವಾರ್ಡುಗಳಿವೆ. ತಮ್ಮ ವಾರ್ಡಿನಲ್ಲಿ ದೀಪವಿಲ್ಲದ ಬೀದಿಗಳೆಷ್ಟು, ಸಂಜೆ ತೆರೆದಿರುವ ಆಟದ ಬಯಲು ಯಾವುದು, ಶಾಲೆ ಬಿಟ್ಟ ಹುಡುಗರು ಯಾವ ಮನೆಗಳಲ್ಲಿದ್ದಾರೆ ಎಂಬುದನ್ನು ಭಕ್ತರು ಒಂದು ಭಾನುವಾರ ನಡೆದು ನೋಡಿ ಬರೆದುಕೊಳ್ಳಬಹುದು. ಕಾಯ್ದೆಯ ಪ್ರಕಾರ ಪ್ರತಿಯೊಂದು ಪೊಲೀಸ್ ಠಾಣೆಯಲ್ಲಿ ಮಕ್ಕಳ ಕಲ್ಯಾಣ ಅಧಿಕಾರಿಯೊಬ್ಬರು ಇರಲೇಬೇಕು. ತಮ್ಮ ಠಾಣೆಯಲ್ಲಿ ಅವರು ಯಾರೆಂದು ವಿಚಾರಿಸಿ, ಆ ಹೆಸರನ್ನೂ ಮಕ್ಕಳ ಸಹಾಯವಾಣಿ 1098ನ್ನೂ ಸಮುದಾಯ ಭವನದ ಗೋಡೆಯ ಮೇಲೆ, ಮಕ್ಕಳ ಕಣ್ಣಿಗೆ ಬೀಳುವ ಎತ್ತರದಲ್ಲಿ, ಬರೆಸಿರಿ. ಭವನದ ಬೀಗದ ಕೈ ಸಂಜೆ ಯಾರ ಬಳಿ ಇರಬೇಕೆಂಬುದನ್ನು ಮುಂದಿನ ಶಿವಾನುಭವ ಗೋಷ್ಠಿಯಲ್ಲಿ ಕುಳಿತು ತೀರ್ಮಾನಿಸೋಣ.