ಗಾಜಿನ ಬೆನ್ನಿನ ನೆರಳು

ಕನ್ನಡದಲ್ಲಿ ‘ಛಾಯಾಚಿತ್ರ’ವೆಂದರೆ ಕ್ಯಾಮೆರಾ ತೆಗೆದ ಚಿತ್ರ. ಛಾಯೆಯೆಂದರೆ ನೆರಳು, ಕ್ಯಾಮೆರಾ ಹಿಡಿಯುವುದಾದರೋ ಬೆಳಕನ್ನು. ಆ ಹೆಸರಿಗೆ ಹೆಚ್ಚು ಹಕ್ಕುಳ್ಳ ಕಲೆಯೊಂದು ಕ್ಯಾಮೆರಾ ಬರುವ ಮೊದಲೇ ಯುರೋಪಿನಲ್ಲಿ ಬಾಳಿತ್ತು. ಮನುಷ್ಯನ ಪಾರ್ಶ್ವಮುಖವನ್ನು ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾಗಿ, ಗಾಜಿನ ಹಿಂಬದಿಯಲ್ಲಿ, ಕಪ್ಪು ಬಣ್ಣದಿಂದ ಬರೆಯುವ ಕಲೆ ಅದು. ಅದನ್ನು ಬಡವರ ಭಾವಚಿತ್ರವೆಂದು ಬದಿಗಿಡುವ ವಾಡಿಕೆಯನ್ನು ಇನ್ನಾದರೂ ಕೈಬಿಡಬೇಕು.

ತಾತ್ಸಾರವು ಹೆಸರಿನಿಂದಲೇ ಮೊದಲಾಗುತ್ತದೆ. 1759ರಲ್ಲಿ ಕೆಲವೇ ತಿಂಗಳು ಫ್ರಾನ್ಸಿನ ಹಣಕಾಸನ್ನು ನೋಡಿಕೊಂಡ ಎತಿಯೆನ್ ದ ಸಿಲುಎತ್ ಎಂಬ ಮಂತ್ರಿಯ ಮಿತವ್ಯಯದ ಕ್ರಮಗಳನ್ನು ಪ್ಯಾರಿಸ್ಸಿನವರು ಗೇಲಿ ಮಾಡಿದರು. ಅಗ್ಗವಾದುದಕ್ಕೆಲ್ಲ ಅಂಟಿದ ಅವನ ಹೆಸರು ನೆರಳುಚಿತ್ರಕ್ಕೂ ಅಂಟಿ ‘ಸಿಲೂಎಟ್’ ಆಯಿತು. ಕಾಗದವನ್ನು ಕತ್ತರಿಯಿಂದ ಕತ್ತರಿಸಿ ಕ್ಷಣಗಳಲ್ಲಿ ಮುಗಿಸುವ ಚಿತ್ರಗಳಿಗೆ ಆ ಮಾತು ಸಲ್ಲಬಹುದು. ಗಾಜಿನ ಕೆಲಸಕ್ಕೆ ಸಲ್ಲದು.

ಗಾಜಿನ ಬೆನ್ನಿನಲ್ಲಿ ಬರೆಯುವವನಿಗೆ ಕ್ರಮವೇ ತಲೆಕೆಳಗು. ಕಾಗದದಲ್ಲಿ ಕೊನೆಗೆ ಬರುವ ನವಿರು ಗೆರೆ ಇಲ್ಲಿ ಮೊದಲು ಬೀಳಬೇಕು, ಎಡಬಲಗಳು ಅದಲುಬದಲಾಗುತ್ತವೆ, ಮೇಲೆ ಬಣ್ಣ ಬಿದ್ದ ಬಳಿಕ ಮೊದಲ ಗೆರೆಯನ್ನು ತಿದ್ದುವಂತಿಲ್ಲ. 18ನೆಯ ಶತಮಾನದ ಕೊನೆಯ ದಶಕಗಳಲ್ಲಿ ಲಂಡನ್ನಿನ ಫ್ಲೀಟ್ ಬೀದಿಯಲ್ಲಿ ನೆರಳುಚಿತ್ರಗಳನ್ನು ಬರೆಯುತ್ತಿದ್ದ ಇಸಬೆಲ್ಲಾ ಬೀತಮ್ ಎಂಬ ಕಲಾವಿದೆಯ ಕೃತಿಗಳನ್ನು ನೋಡಿದರೆ ಈ ಶ್ರಮದ ಫಲ ತಿಳಿಯುತ್ತದೆ. ಮುಖ ಕಗ್ಗಪ್ಪು. ಗುಂಗುರುಗೂದಲು, ಲೇಸಿನ ಅಂಚು, ಟೋಪಿಯ ಪಟ್ಟಿ ಮಾತ್ರ ತೆಳುಗೆರೆಗಳಲ್ಲಿ ಬೆಳಕನ್ನು ಒಳಬಿಟ್ಟುಕೊಳ್ಳುತ್ತವೆ. ಉಬ್ಬುಗಾಜಿನ ಮೇಲೆ ಬರೆದದ್ದಾದರೆ ಇನ್ನೊಂದು ಸೋಜಿಗವುಂಟು: ಹಿಂದಿರುವ ಬಿಳಿಯ ಹಲಗೆಯ ಮೇಲೆ ಚಿತ್ರದ ನೆರಳು ಬೀಳುತ್ತದೆ. ನೆರಳಿಗೊಂದು ನೆರಳು! ನೋಡುವವರು ಸರಿದಂತೆ ಅದೂ ಸರಿಯುತ್ತದೆ. ಅಚ್ಚಿನ ಪುಟದಲ್ಲಿ ಇದು ಕಾಣುವುದೇ ಇಲ್ಲ. ಈ ಕಲೆಯ ಬಗೆಗಿನ ಅಸಡ್ಡೆಗೆ ಅದೂ ಒಂದು ಕಾರಣವಿರಬೇಕು.

ಕನ್ನಡಿಗರಿಗೆ ಗಾಜಿನ ಬೆನ್ನಿನ ಬರವಣಿಗೆ ಅಪರಿಚಿತವಲ್ಲ. ಮೈಸೂರು, ತಂಜಾವೂರುಗಳ ಗಾಜಿನ ಚಿತ್ರಗಳಲ್ಲಿಯೂ ಒಡವೆ ಮೊದಲು, ಹಿನ್ನೆಲೆ ಕೊನೆಗೆ. ಆದರೆ ಅಲ್ಲಿ ದೇವರ ಮುಖವೇ ಸರ್ವಸ್ವ. ಇಲ್ಲಿ ಕಣ್ಣಿಲ್ಲ, ನಗೆಯಿಲ್ಲ. ಮೂಗು, ತುಟಿ, ಗಲ್ಲಗಳ ಅಂಚೊಂದೇ ಗುರುತು. ಮನೆಯವರು ಆ ಅಂಚಿನಿಂದಲೇ ತಮ್ಮವರನ್ನು ಹಿಡಿದುಬಿಡುತ್ತಿದ್ದರು.

ಆ ಅಂಚಿನಿಂದ ಶೀಲವನ್ನೂ ಅಳೆಯಬಹುದೆಂದವನು ಜ್ಯೂರಿಕ್ಕಿನ ಪಾದ್ರಿ ಯೋಹಾನ್ ಕಾಸ್ಪರ್ ಲಾವಾಟರ್. 1775ರಿಂದ 1778ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರಬಂದ ಅವನ ಮುಖಸಾಮುದ್ರಿಕದ ಗ್ರಂಥ ನೆರಳುಚಿತ್ರಕ್ಕೆ ಭಾರಿ ಪ್ರಚಾರ ತಂದಿತು, ನಿಜ. ಹಣೆಯ ಇಳಿಜಾರಿನಲ್ಲಿ ಬುದ್ಧಿಯನ್ನೂ ಗಲ್ಲದಲ್ಲಿ ದೃಢತೆಯನ್ನೂ ಓದುವ ಆ ವಿದ್ಯೆ ಮುಂದೆ ಮನುಷ್ಯರನ್ನು ಮೇಲುಕೀಳೆಂದು ವಿಂಗಡಿಸುವವರ ಕೈಗೂ ಸಿಕ್ಕಿತು. ಚಿತ್ರಕಾರರು ಹೇಳಿದ್ದು ಇಷ್ಟೇ: ಈ ಮನುಷ್ಯ ಹೀಗಿದ್ದ. ಉಳಿದುದು ಲಾವಾಟರನ ಕಲ್ಪನೆ.

1839ರಲ್ಲಿ ದಾಗೇರನ ಫೋಟೋ ವಿಧಾನ ಪ್ರಕಟವಾದ ಬಳಿಕ ಗಿರಾಕಿಗಳು ಅತ್ತ ಹೊರಟರು. ಉಳಿದ ಗಾಜುಗಳ ಸ್ಥಿತಿ ನಾಜೂಕಾದುದು. ಬಣ್ಣ ಗಾಜಿನಿಂದ ಹೆಕ್ಕಳಿಕೆಯಾಗಿ ಏಳುತ್ತದೆ. ಹಿಂದೆ ತುಂಬಿದ ಮೇಣ ಕುಗ್ಗಿ ಬಿರಿಯುತ್ತದೆ. ತಿಳಿಯದವರು ಒಳಬದಿಯನ್ನು ಒದ್ದೆಬಟ್ಟೆಯಿಂದ ಒರೆಸಿದರೆ ಮೂಗೇ ಹೋಗುತ್ತದೆ. ಇದಕ್ಕಿಂತ ದೊಡ್ಡ ನಷ್ಟ ಚೌಕಟ್ಟನ್ನು ಬದಲಿಸುವಾಗ ಆಗುವಂಥದು. ಕಲಾವಿದರು ತಮ್ಮ ಹೆಸರು, ವಿಳಾಸಗಳ ಚೀಟಿಯನ್ನು ಹಿಂಬದಿಗೆ ಅಂಟಿಸುತ್ತಿದ್ದರು. ಮನೆಯವರು ಅಲ್ಲಿಯೇ ಚಿತ್ರದಲ್ಲಿರುವವರ ಹೆಸರನ್ನು ಗೀಚಿಡುತ್ತಿದ್ದರು. ಕಣ್ಣುಮೂಗುಗಳ ವಿವರವೇ ಇಲ್ಲದ ಚಿತ್ರಕ್ಕೆ ಆ ಹಳದಿಗಟ್ಟಿದ ಕಾಗದವೇ ಕೊನೆಯ ಸಾಕ್ಷಿ. ಅದನ್ನು ಕಿತ್ತು ಹೊಸ ಹಲಗೆ ಹೊಡೆದರೆ, ಒಬ್ಬ ತಾಯಿಯೋ ಮಗಳೋ ‘ಅಜ್ಞಾತ ಮಹಿಳೆ’ಯಾಗಿ ಹರಾಜಿನ ಪಟ್ಟಿ ಸೇರುತ್ತಾಳೆ. ಸಂಗ್ರಹಕಾರರು ಚಿತ್ರದ ಮುಂಬದಿಗೆ ತೆರುವ ಬೆಲೆಯಲ್ಲಿ ಒಂದು ಪಾಲನ್ನಾದರೂ ಹಿಂಬದಿಯನ್ನು ಇದ್ದಂತೆಯೇ ಉಳಿಸಲು ವೆಚ್ಚಮಾಡಬೇಕು.