ದೆವ್ವದ ಪಾತ್ರದಲ್ಲಿ ಧೂಳು!

ಗೆಳೆಯರೇ, ಈ ವಾರ ನಿಮಗೊಂದು ದೆವ್ವದ ಕಥೆ. ಇದರಲ್ಲಿ ಹಾಡಿಲ್ಲ, ಫೈಟಿಂಗ್ ಇಲ್ಲ. ಕೆಲವು ವರ್ಷದ ಹಿಂದೆ ಸಂಡೂರು ತಾಲ್ಲೂಕಿನ ಚೋರನೂರಿನಲ್ಲಿ, ನನ್ನ ಗೆಳೆಯನ ಮನೆಯಲ್ಲೇ ನಡೆದದ್ದು.

ಹೊಸ ಸೊಸೆ ಮನೆ ತುಂಬಿದ ರಾತ್ರಿ ಹುಡುಗರು ಸಣ್ಣ ಡಿಜಿಟಲ್ ಕ್ಯಾಮೆರಾದಲ್ಲಿ ಫೋಟೊ ಹೊಡೆದರು. ನೋಡಿದರೆ ಹುಡುಗಿಯ ತಲೆ ಸುತ್ತ ಬೆಳ್ಳನೆ ಉಂಡೆಗಳು! "ಸತ್ತ ಅಜ್ಜಿ ಸೊಸೀನ ಹಿಡ್ಕಂಡಾಳ" ಅಂತ ಓಣಿಯೆಲ್ಲಾ ಗುಲ್ಲು. ನಾನು ಹೋಗುವಷ್ಟರಲ್ಲಿ ದೆವ್ವ ಬಿಡಿಸುವವನು ಬೇವಿನ ಸೊಪ್ಪು, ಬೆತ್ತ ಹಿಡಿದು ಹಾಜರ್. ಮೂಲೆಯಲ್ಲಿ ಮುದುಡಿ ಕೂತ ಆ ಹುಡುಗಿಯ ಮುಖ ನೋಡಿ ಕರುಳು ಚುರ್ ಎಂದಿತು.

"ಧೂಳಿರಬೇಕಲ್ಲೋ" ಅಂದೆ.

"ಲೆನ್ಸ್ ಒರೆಸಿ ಹೊಡದ್ರೂ ಬಂದೈತಣ್ಣಾ!" ಅಂದ ಗೆಳೆಯನ ತಮ್ಮ.

ಗುಟ್ಟು ಇರೋದೇ ಅಲ್ಲಿ. ಧೂಳು ಗಾಜಿನ ಮೇಲಿಲ್ಲ, ಗಾಜಿನ ಮುಂದೆ ಗಾಳಿಯಲ್ಲಿ ತೇಲುತ್ತಿರುತ್ತದೆ. ಥಿಯೇಟರಿನಲ್ಲಿ ಪ್ರೊಜೆಕ್ಟರ್ ಬೆಳಕಿನಲ್ಲಿ ಧೂಳು ಕುಣಿಯೋದನ್ನು ನೀವು ನೋಡಿಲ್ಲವೇ? ಅದೇ ಧೂಳು! ಸಣ್ಣ ಕ್ಯಾಮೆರಾದಲ್ಲಿ ಫ್ಲಾಶು ಲೆನ್ಸಿನ ಪಕ್ಕದಲ್ಲೇ ಇರುತ್ತದೆ. ಮೂಗಿನ ತುದಿಗೇ ಬಂದ ಕಣಕ್ಕೆ ಆ ಬೆಳಕು ಬಡಿದು ಸೀದಾ ಲೆನ್ಸಿಗೆ ವಾಪಸ್. ಕ್ಯಾಮೆರಾದ ಫೋಕಸ್ ದೂರದ ಮುಖದ ಮೇಲಿರೋದರಿಂದ ಹತ್ತಿರದ ಕಣ ಮಸುಕಾಗಿ, ಊದಿ, ದುಂಡಗೆ ಕಾಣುತ್ತದೆ. ಮಂಜು, ಮಳೆಹನಿ, ಹುಳುಗಳದ್ದೂ ಇದೇ ಆಟ. ಸಂಡೂರು ಸೀಮೆಯಲ್ಲಂತೂ ಕೆಂಪು ಧೂಳಿಗೆ ಬರವೇ?

ಬಾಯಿಮಾತು ಯಾರು ನಂಬ್ತಾರೆ? ಚಾಪೆ ಕೊಡವಿ, ಫ್ಲಾಶ್ ಹಾಕಿ ಖಾಲಿ ಗೋಡೆಯ ಫೋಟೊ ಹೊಡೆದೆ. ಉಂಡೆಗಳ ಜಾತ್ರೆ! ಫ್ಲಾಶ್ ಆರಿಸಿ ಟ್ಯೂಬ್‌ಲೈಟಿನಲ್ಲೇ ಹೊಡೆದೆ. ಒಂದೂ ಇಲ್ಲ. ಕೊನೆಗೆ ಫ್ಲಾಶ್ ಹಾಕಿ ದೆವ್ವ ಬಿಡಿಸುವವನದೇ ಫೋಟೊ ಹೊಡೆದೆ. ಅವನ ಮೀಸೆಯ ಮೇಲೆ ದಪ್ಪದೊಂದು ಉಂಡೆ!

"ಅಜ್ಜಿ ಈಗ ನಿಮ್ಮನ್ನ ಹಿಡ್ಕಂಡಾಳಲ್ರೀ, ಬೆತ್ತ ಕೊಡ್ರಿ ಇಲ್ಲಿ!" ಅಂದೆ. ಮನೆಯವರೆಲ್ಲಾ ಗೊಳ್ಳೆಂದರು. ಮೂಲೆಯಲ್ಲಿದ್ದ ಹುಡುಗಿಯೂ ನಕ್ಕಳು. ಆಸಾಮಿ ಪರಾರಿ.

ದೆವ್ವದ ಪಿಕ್ಚರ್ ನನಗೂ ಇಷ್ಟ. 1979ರ 'ನಾ ನಿನ್ನ ಬಿಡಲಾರೆ' ನೋಡಿ ಹೆದರೋಣ, 2004ರ 'ಆಪ್ತಮಿತ್ರ' ನೋಡಿ ಬೆವರೋಣ. ಅಲ್ಲಿ ಹೆದರೋದಕ್ಕೇ ಟಿಕೆಟ್ ತಗೊಂಡಿರ್ತೀವಿ. ಆದರೆ ಮನೆಯ ಹೆಣ್ಣುಮಗಳ ಬೆನ್ನಿಗೆ ಬೀಳೋ ಬೆತ್ತ ಸಿನಿಮಾ ಅಲ್ಲ. ದೆವ್ವ ಬಿಡಿಸೋ ನೆಪದಲ್ಲಿ ಹೊಡೆಯೋದು ಕರ್ನಾಟಕದ 2017ರ ಕಾಯ್ದೆ ಪ್ರಕಾರ ಅಪರಾಧವೂ ಹೌದು.

ನಿಮ್ಮ ಫೋಟೊದಲ್ಲೂ ಉಂಡೆ ಬಂದರೆ ಮೊದಲು ಫ್ಲಾಶ್ ಆರಿಸಿ ಇನ್ನೊಂದು ಹೊಡೀರಿ. ಮುಂದಿನ ವಾರ ಸಿಗೋಣ!